ಮನೆಯಲ್ಲೇ ಕಾರು, ಟ್ರ್ಯಾಕ್ಟರುಗಳ ಬಣ್ಣಕ್ಕೆ ಪಾಲಿಶ್ ಮತ್ತು ಮೇಣ

ಬೀದರ ಜಿಲ್ಲೆಯ ಹುಮನಾಬಾದ, ಬಸವಕಲ್ಯಾಣ ಮತ್ತು ಚಿಟಗುಪ್ಪ ಭಾಗದ ರೈತರಿಗೆ ಟ್ರ್ಯಾಕ್ಟರು ಹೊಸದಲ್ಲ. ಹೈದರಾಬಾದ-ಸೋಲಾಪುರ ಹೆದ್ದಾರಿಯ ಮೇಲಿರುವ ಮನ್ನಾಏಖೇಳ್ಳಿಯಂತಹ ಊರುಗಳಲ್ಲಿ ಎಷ್ಟೋ ಮನೆಗಳ ಮುಂದೆ ಟ್ರ್ಯಾಕ್ಟರಿನ ಪಕ್ಕಕ್ಕೆ ಒಂದು ಜೀಪೋ ಕಾರೋ ನಿಂತಿರುತ್ತದೆ. ಎಂಜಿನ್ನಿಗೆ ಕಾಲಕಾಲಕ್ಕೆ ಆಯಿಲ್ ಬದಲಿಸುವ ರೈತರು ಸಹ ಮೇಲಿನ ಬಣ್ಣದ ಕಡೆಗೆ ಅಷ್ಟಾಗಿ ಗಮನ ಕೊಡುವುದಿಲ್ಲ. ಬಣ್ಣವಿರುವುದು ಅಂದಕ್ಕಾಗಿ ಮಾತ್ರ ಎಂಬ ಭಾವನೆಯೇ ಇದಕ್ಕೆ ಕಾರಣ.

ವಾಸ್ತವವಾಗಿ ಬಣ್ಣವು ತಗಡಿನ ರಕ್ಷಾಕವಚ. ಅದು ಹೋದಲ್ಲಿ ಗಾಳಿ ಮತ್ತು ತೇವ ಸೇರಿ ಕಬ್ಬಿಣವನ್ನು ತುಕ್ಕಾಗಿಸುತ್ತವೆ. ಸಾಲ ತೀರುವ ಮೊದಲೇ ಮಡ್‌ಗಾರ್ಡು ತೂತು ಬಿದ್ದರೆ ದುರಸ್ತಿಯ ಖರ್ಚು ಒಂದು ಕಡೆ, ಮಾರುವಾಗ ಬೆಲೆ ಇಳಿಯುವ ನಷ್ಟ ಇನ್ನೊಂದು ಕಡೆ. ವರ್ಷದಲ್ಲಿ ಎರಡು ಮೂರು ಬಾರಿ ಅರ್ಧ ದಿನದ ಶ್ರಮವಹಿಸಿದರೆ ಈ ನಷ್ಟವನ್ನು ಬಹುಮಟ್ಟಿಗೆ ತಪ್ಪಿಸಬಹುದು. ಆದರೆ ಪಾಲಿಶ್ ಯಾವುದು, ಮೇಣ ಯಾವುದು ಎಂಬುದನ್ನು ಅರಿಯದೆ ಕೈ ಹಾಕಿದರೆ ಬಣ್ಣ ಉಳಿಯುವ ಬದಲು ಬೇಗ ಸವೆಯುತ್ತದೆ.

ಬಣ್ಣದ ಪದರುಗಳು

ಇಂದಿನ ಕಾರುಗಳ ತಗಡಿನ ಮೇಲೆ ಸಾಮಾನ್ಯವಾಗಿ ನಾಲ್ಕು ಪದರುಗಳಿರುತ್ತವೆ. ಮೊದಲನೆಯದು ತುಕ್ಕು ತಡೆಯಲು ವಿದ್ಯುತ್ತಿನ ಸಹಾಯದಿಂದ ಕೂರಿಸಿದ ಲೇಪ, ಅದರ ಮೇಲೆ ಪ್ರೈಮರ್, ಬಳಿಕ ಬಣ್ಣ, ಎಲ್ಲಕ್ಕೂ ಮೇಲೆ ಬಣ್ಣವಿಲ್ಲದ ಪಾರದರ್ಶಕ ಪದರು. ಈ ಕೊನೆಯ ಪದರನ್ನು ಕ್ಲಿಯರ್ ಕೋಟ್ ಎನ್ನುತ್ತಾರೆ. ನಾಲ್ಕೂ ಸೇರಿ ದಪ್ಪ ಸುಮಾರು 100ರಿಂದ 150 ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗ. ಇದರಲ್ಲಿ ಕ್ಲಿಯರ್ ಕೋಟಿನ ಪಾಲು ಸುಮಾರು 35ರಿಂದ 50 ಮೈಕ್ರಾನ್ ಮಾತ್ರ, ಅಂದರೆ ನಮ್ಮ ತಲೆಗೂದಲಿಗಿಂತಲೂ ತೆಳು. ಹೊಳಪೆಲ್ಲ ಇರುವುದು ಇದರಲ್ಲೇ.

ಹಳೆಯ ಜೀಪು, ಕಾರುಗಳಲ್ಲಿ ಮತ್ತು ಅನೇಕ ಟ್ರ್ಯಾಕ್ಟರುಗಳಲ್ಲಿ ಕ್ಲಿಯರ್ ಕೋಟ್ ಇರುವುದಿಲ್ಲ. ಮೇಲಿನ ಪದರೇ ಬಣ್ಣ. ನಿಮ್ಮ ವಾಹನ ಯಾವ ಬಗೆಯದೆಂದು ತಿಳಿಯಲು ಒಂದು ಸುಲಭ ಪರೀಕ್ಷೆಯಿದೆ. ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ ಬಿಳಿ ಬಟ್ಟೆಗೆ ತುಸು ಪಾಲಿಶ್ ಹಚ್ಚಿ ಮೆಲ್ಲಗೆ ತಿಕ್ಕಿರಿ. ಬಟ್ಟೆಗೆ ವಾಹನದ ಬಣ್ಣ ಹತ್ತಿದರೆ ಕ್ಲಿಯರ್ ಕೋಟ್ ಇಲ್ಲ, ಹತ್ತದಿದ್ದರೆ ಇದೆ.

ಬಣ್ಣ ಕೆಡುವುದೇಕೆ?

1. ಬಿಸಿಲು: ಈ ಭಾಗದಲ್ಲಿ ಬೇಸಿಗೆಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಸೂರ್ಯನ ಅತಿನೇರಳೆ ಕಿರಣಗಳು ಬಣ್ಣದ ಕಣಗಳನ್ನು ಹಿಡಿದಿಡುವ ಅಂಟನ್ನು ಒಡೆಯುತ್ತವೆ. ಆಗ ಕಣಗಳು ಸಡಿಲವಾಗಿ, ಬೆರಳಿನಿಂದ ತಿಕ್ಕಿದರೆ ಸುಣ್ಣದ ಗೋಡೆ ಮುಟ್ಟಿದಂತೆ ಪುಡಿ ಹತ್ತುತ್ತದೆ.

2. ಧೂಳು: ಬೀದರ ಪ್ರಸ್ಥಭೂಮಿಯ ಕೆಂಪು ಮುರುಮಿನ ಧೂಳಿನಲ್ಲಿ ಗಟ್ಟಿಯಾದ ಸಣ್ಣ ಹರಳುಗಳಿರುತ್ತವೆ. ಒಣ ಬಟ್ಟೆಯಿಂದ ಧೂಳು ಒರೆಸಿದರೆ ಅವೇ ಬಣ್ಣದ ಮೇಲೆ ಸಾವಿರಾರು ಗೀರುಗಳನ್ನು ಎಳೆಯುತ್ತವೆ.

3. ಹಿಕ್ಕೆ ಮತ್ತು ಅಂಟು: ಬೇವು, ಹುಣಸೆ ಮರದಡಿ ನಿಲ್ಲಿಸಿದ ವಾಹನದ ಮೇಲೆ ಹಕ್ಕಿಯ ಹಿಕ್ಕೆ, ಮರದ ಅಂಟು ಬೀಳುತ್ತವೆ. ಹಿಕ್ಕೆ ಬಿಸಿಲಿನಲ್ಲಿ ಒಣಗಿದರೆ ಬಣ್ಣವನ್ನು ತಿಂದು ಕಲೆ ಉಳಿಸುತ್ತದೆ.

4. ಗಡಸು ನೀರು: ಕೊಳವೆ ಬಾವಿಯ ನೀರು ವಾಹನದ ಮೇಲೆಯೇ ಒಣಗಿದರೆ ಸುಣ್ಣದ ಬಿಳಿ ಚುಕ್ಕೆಗಳು ಉಳಿಯುತ್ತವೆ.

5. ಗೊಬ್ಬರ ಮತ್ತು ಔಷಧ: ಯೂರಿಯಾ, ಪೊಟ್ಯಾಷ್ ಮುಂತಾದವು ಗಾಳಿಯ ತೇವವನ್ನು ಎಳೆದುಕೊಳ್ಳುತ್ತವೆ. ಬಣ್ಣ ಕಿತ್ತ ಕಡೆ ಇವುಗಳ ಪುಡಿ ಕುಳಿತರೆ ತುಕ್ಕು ಬೇಗ ಹರಡುತ್ತದೆ. ತಾಮ್ರಯುಕ್ತ ಶಿಲೀಂಧ್ರನಾಶಕಗಳೂ ಬರಿ ಕಬ್ಬಿಣಕ್ಕೆ ಹಾನಿಕರ.

ಪಾಲಿಶ್ ಬೇರೆ, ಮೇಣ ಬೇರೆ

ಪಾಲಿಶಿನಲ್ಲಿ ಅತಿ ನುಣ್ಣನೆಯ ಸವೆಸುವ ಪುಡಿ ಇರುತ್ತದೆ. ಅದು ಮಾಸಿದ, ಗೀರು ಬಿದ್ದ ಮೇಲ್ಮೈಯನ್ನು ತೆಳುವಾಗಿ ತೆಗೆದು ಒಳಗಿನ ಹೊಸ ಮೇಲ್ಮೈಯನ್ನು ಹೊರತರುತ್ತದೆ. ಅಂದರೆ ಪ್ರತಿ ಪಾಲಿಶಿಗೂ ಬಣ್ಣ ಸ್ವಲ್ಪ ಕಡಿಮೆಯಾಗುತ್ತದೆ. ರಬ್ಬಿಂಗ್ ಕಾಂಪೌಂಡ್ ಎಂಬುದು ಇದೇ ಬಗೆಯದು, ಆದರೆ ಇನ್ನೂ ಒರಟು. ಮೇಣವಾದರೋ ಏನನ್ನೂ ತೆಗೆಯುವುದಿಲ್ಲ. ಮೇಲೆ ಒಂದು ತೆಳು ಹೊದಿಕೆಯಾಗಿ ಕುಳಿತು ನೀರು, ಹಿಕ್ಕೆ, ಧೂಳು ನೇರವಾಗಿ ಬಣ್ಣಕ್ಕೆ ತಾಗದಂತೆ ನೋಡಿಕೊಳ್ಳುತ್ತದೆ. ಸವೆಯುವುದಿದ್ದರೆ ಮೊದಲು ಮೇಣ ಸವೆಯುತ್ತದೆ.

ಬಿದರಿ ಕೆಲಸವನ್ನು ಕಂಡವರಿಗೆ ಈ ವ್ಯತ್ಯಾಸ ಹೊಸದೇನಲ್ಲ. ಎರಕ ಹೊಯ್ದ ಪಾತ್ರೆಯನ್ನು ಅರದಿಂದ ಉಜ್ಜಿ ನುಣುಪು ಮಾಡುವುದು ಒಂದು ಕೆಲಸ. ಬೆಳ್ಳಿ ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪಾಗಿಸಿದ ಮೇಲೆ ಎಣ್ಣೆ ಸವರಿ ಒರೆಸುವುದು ಇನ್ನೊಂದು ಕೆಲಸ. ಒಂದರ ಬದಲು ಇನ್ನೊಂದು ಸಲ್ಲದು.

ಮೇಣದ ಗುಣವನ್ನು ರೈತರು ಹೊಲದಲ್ಲೇ ನೋಡಬಹುದು. ಕಬ್ಬಿನ ಗಣ್ಣಿನ ಕೆಳಗೆ, ಜೋಳದ ದಂಟಿನ ಮೇಲೆ ಬೂದಿಯಂತಹ ಬಿಳಿ ಪುಡಿ ಇರುತ್ತದಲ್ಲವೆ? ಅದು ಗಿಡ ತನ್ನ ನೀರು ಆರಿಹೋಗದಂತೆ ತಾನೇ ಹೊದ್ದುಕೊಂಡ ಮೇಣ. ವಾಹನಗಳಿಗೆ ಬಳಸುವ ಉತ್ತಮ ಮೇಣವೂ ಹೀಗೆಯೇ ಒಂದು ಗಿಡದಿಂದ ಬರುತ್ತದೆ. ಈಶಾನ್ಯ ಬ್ರೆಜಿಲಿನ ಒಣನಾಡಿನಲ್ಲಿ ಬೆಳೆಯುವ ಕಾರ್ನೂಬಾ ತಾಳೆಯ ಎಲೆಗಳನ್ನು ಕೊಯ್ದು, ಒಣಗಿಸಿ, ಬಡಿದು ಈ ಮೇಣವನ್ನು ಉದುರಿಸುತ್ತಾರೆ. ಇದು ಕರಗಲು 80 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಶಾಖ ಬೇಕು. ಜೇನುಮೇಣ ಸುಮಾರು 62ರಿಂದ 64 ಡಿಗ್ರಿಗೇ ಕರಗುತ್ತದೆ. ನಮ್ಮ ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಬಾನೆಟ್ ಮುಟ್ಟಲಾಗದಷ್ಟು ಕಾಯುವುದರಿಂದ ಬರಿ ಜೇನುಮೇಣ ಅಥವಾ ಕರಗಿಸಿದ ಮೇಣದಬತ್ತಿ ಹಚ್ಚಿದರೆ ಅದು ಮೆತ್ತಗಾಗಿ ಧೂಳನ್ನು ಹಿಡಿಯುತ್ತದೆ. ಆದುದರಿಂದ ಕಾರ್ನೂಬಾ ಬೆರೆತ ಮೇಣವನ್ನೇ ಕೊಳ್ಳುವುದು ಲೇಸು.

ಬೇಕಾಗುವ ಸಾಮಗ್ರಿಗಳು

ಎರಡು ಬಕೆಟ್, ವಾಹನಕ್ಕೆಂದೇ ಇರುವ ಶಾಂಪೂ, ಸ್ಪಂಜು, ನುಣ್ಣನೆಯ ಪಾಲಿಶ್ ಒಂದು ಡಬ್ಬಿ, ಮೇಣ ಒಂದು ಡಬ್ಬಿ, ಐದಾರು ಮೆತ್ತನೆಯ ಬಟ್ಟೆಗಳು. ಮೈಕ್ರೋಫೈಬರ್ ಬಟ್ಟೆ ಉತ್ತಮ. ಒಗೆದು ಒಣಗಿಸಿದ ಹಳೆಯ ಧೋತರ, ಬನಿಯನ್ ಬಟ್ಟೆಯೂ ಆಗುತ್ತದೆ. ಗುಂಡಿ, ಹೊಲಿಗೆಯ ಗಂಟುಗಳಿರುವ ಭಾಗವನ್ನು ಕತ್ತರಿಸಿ ತೆಗೆಯಬೇಕು. ಡಬ್ಬಿ ಕೊಳ್ಳುವಾಗ ಮೇಲಿನ ಬರಹವನ್ನು ಓದಿರಿ. ಕೆಲವು ಡಬ್ಬಿಗಳಲ್ಲಿ ಪಾಲಿಶ್ ಮತ್ತು ಮೇಣ ಎರಡೂ ಬೆರೆತಿರುತ್ತವೆ. ಅಂತಹುದನ್ನು ಮೇಣವೆಂದು ತಿಳಿದು ಪದೇ ಪದೇ ಹಚ್ಚಬಾರದು.

ಮಾಡುವ ಕ್ರಮ

1. ವೇಳೆ ಮತ್ತು ಸ್ಥಳ: ಬೆಳಗಿನ ತಂಪು ಹೊತ್ತು, ಶೆಡ್ಡಿನ ನೆರಳು ಯೋಗ್ಯ. ಎಂಜಿನ್ ಆರಿರಬೇಕು. ಅಂಗೈಯನ್ನು ತಗಡಿನ ಮೇಲಿಟ್ಟರೆ ತಣ್ಣಗಿರಬೇಕು. ಬಿಸಿ ತಗಡಿನ ಮೇಲೆ ಪಾಲಿಶ್, ಮೇಣ ಎರಡೂ ಕ್ಷಣದಲ್ಲಿ ಒಣಗಿ ಅಂಟಿಕೊಳ್ಳುತ್ತವೆ.

2. ತೊಳೆಯುವುದು: ಮೊದಲು ಬರಿ ನೀರು ಸುರಿದು ಮಣ್ಣನ್ನು ನೆನೆಸಿ ಇಳಿಸಬೇಕು. ಅನಂತರ ಒಂದು ಬಕೆಟ್ಟಿನಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರಿ ನೀರು ಇಟ್ಟುಕೊಂಡು ಮೇಲಿನಿಂದ ಕೆಳಕ್ಕೆ ತೊಳೆಯಬೇಕು. ಪ್ರತಿಸಲ ಸ್ಪಂಜನ್ನು ಬರಿ ನೀರಿನಲ್ಲಿ ಅದ್ದಿ ಹಿಂಡಿದ ಮೇಲೆಯೇ ಶಾಂಪೂ ನೀರಿಗೆ ಹಾಕಬೇಕು. ಒಣಗಿದ ಹಿಕ್ಕೆಯನ್ನು ಕೆರೆಯದೆ ಒದ್ದೆ ಬಟ್ಟೆ ಹೊದಿಸಿ ಐದು ನಿಮಿಷ ಬಿಟ್ಟು ಎತ್ತಿರಿ. ಡಾಂಬರಿನ ಚುಕ್ಕೆಗಳಿದ್ದರೆ ಬಟ್ಟೆಯ ತುದಿಗೆ ತುಸು ಸೀಮೆಎಣ್ಣೆ ಹಚ್ಚಿ ಒರೆಸಿ, ಆ ಜಾಗವನ್ನು ಕೂಡಲೆ ಶಾಂಪೂ ನೀರಿನಿಂದ ತೊಳೆಯಿರಿ. ನೀರು ತಾನಾಗಿ ಆರುವ ಮೊದಲು ಒಣ ಬಟ್ಟೆಯಿಂದ ಒತ್ತಿ ತೆಗೆಯಬೇಕು.

3. ಪಾಲಿಶ್ ಬೇಕೇ ಎಂಬ ಪರೀಕ್ಷೆ: ಬಣ್ಣ ಮಂಕಾಗಿದ್ದರೆ, ಜೇಡರ ಬಲೆಯಂತೆ ಸಣ್ಣ ಗೀರುಗಳಿದ್ದರೆ ಮಾತ್ರ ಪಾಲಿಶ್ ಬೇಕು. ಗೀರಿನ ಮೇಲೆ ಉಗುರು ಆಡಿಸಿ ನೋಡಿರಿ. ಉಗುರು ಸಿಕ್ಕಿಕೊಂಡರೆ ಗೀರು ಆಳವಾಗಿದೆ. ಅದು ಪಾಲಿಶಿನಿಂದ ಹೋಗುವುದಿಲ್ಲ. ಕ್ಲಿಯರ್ ಕೋಟ್ ಹಪ್ಪಳದಂತೆ ಎದ್ದಿದ್ದರೆ ಅಲ್ಲಿ ಮತ್ತೆ ಬಣ್ಣ ಹೊಡೆಸುವುದೊಂದೇ ದಾರಿ. ಬಣ್ಣ ಚೆನ್ನಾಗಿದ್ದರೆ ಈ ಹಂತ ಬಿಟ್ಟು ನೇರವಾಗಿ ಮೇಣಕ್ಕೆ ಹೋಗಿರಿ.

4. ಪಾಲಿಶ್: ಒಂದು ರೂಪಾಯಿ ನಾಣ್ಯದಷ್ಟು ಪಾಲಿಶನ್ನು ಬಟ್ಟೆಗೆ ತೆಗೆದುಕೊಂಡು ಒಮ್ಮೆಗೆ ಎರಡು ಅಡಿ ಉದ್ದಗಲದ ಜಾಗವನ್ನಷ್ಟೇ ಹಗುರ ಒತ್ತಡದಿಂದ ತಿಕ್ಕಿ, ಉಳಿದುದನ್ನು ಶುದ್ಧ ಬಟ್ಟೆಯಿಂದ ಒರೆಸಬೇಕು. ಬಾಗಿಲು, ಬಾನೆಟ್ಟಿನ ಅಂಚುಗಳಲ್ಲಿ ಬಣ್ಣ ಬಹಳ ತೆಳುವಾಗಿರುತ್ತದೆ, ಅಲ್ಲಿ ತಿಕ್ಕಬಾರದು. ಡ್ರಿಲ್ ಯಂತ್ರಕ್ಕೆ ಉಣ್ಣೆಯ ಟೋಪಿ ಸಿಕ್ಕಿಸಿ ತಿಕ್ಕುವುದು ಅಪಾಯ. ಕ್ಷಣಾರ್ಧದಲ್ಲಿ ಬಣ್ಣ ಸುಟ್ಟು ಪ್ರೈಮರ್ ಕಾಣಿಸುತ್ತದೆ. ಬಟ್ಟೆ ನೆಲಕ್ಕೆ ಬಿದ್ದರೆ ಅದನ್ನು ಬದಿಗಿಟ್ಟು ಬೇರೆ ಬಟ್ಟೆ ತೆಗೆದುಕೊಳ್ಳಿರಿ.

5. ಮೇಣ: ಮೇಣವನ್ನು ಇದೆಯೋ ಇಲ್ಲವೋ ಎಂಬಷ್ಟು ತೆಳುವಾಗಿ ಸವರಬೇಕು. ಸ್ವಲ್ಪ ಹೊತ್ತಿನಲ್ಲಿ ಅದು ಮಂಜು ಕವಿದಂತೆ ಬೆಳ್ಳಗಾಗುತ್ತದೆ. ಬೆರಳಿನಿಂದ ಗೆರೆ ಎಳೆದಾಗ ಅಂಟದೆ ಶುದ್ಧವಾದ ಹೊಳಪು ಕಂಡರೆ ಒರೆಸುವ ಹೊತ್ತು ಬಂತೆಂದು ತಿಳಿಯಬೇಕು. ದಪ್ಪವಾಗಿ ಹಚ್ಚಿದ್ದರಿಂದ ಹೆಚ್ಚಿನ ಲಾಭವಿಲ್ಲ. ಹೆಚ್ಚಾದುದೆಲ್ಲ ಒರೆಸುವ ಬಟ್ಟೆಗೇ ಹೋಗುತ್ತದೆ. ರಬ್ಬರ್, ಕಪ್ಪು ಪ್ಲಾಸ್ಟಿಕ್, ಗಾಜುಗಳಿಗೆ ತಾಗಿಸಬಾರದು.

ಮಾರುಕಟ್ಟೆಯಲ್ಲಿ ಈಗ ಕೃತಕ ಸೀಲೆಂಟ್ ಮತ್ತು ಸಿರಾಮಿಕ್ ಲೇಪಗಳೂ ದೊರೆಯುತ್ತವೆ. ಇವು ಮೇಣಕ್ಕಿಂತ ಹೆಚ್ಚು ಕಾಲ ಬಾಳುತ್ತವೆ, ಬೆಲೆಯೂ ಹೆಚ್ಚು. ಅವುಗಳಿಗೂ ಮೇಲಿನ ತೊಳೆಯುವ, ಪರೀಕ್ಷಿಸುವ ಕೆಲಸ ತಪ್ಪದು.

ಟ್ರ್ಯಾಕ್ಟರಿಗೆ ವಿಶೇಷ ಎಚ್ಚರಿಕೆ

ಕ್ಲಚ್ ಮತ್ತು ಬ್ರೇಕಿನ ಪೆಡಲ್, ಕಾಲಿಡುವ ಹಲಗೆ, ಹತ್ತುವ ಮೆಟ್ಟಿಲು, ಸ್ಟೀರಿಂಗ್ ಚಕ್ರ, ಸೀಟುಗಳಿಗೆ ಎಂದೂ ಮೇಣ ಹಚ್ಚಬಾರದು. ಕಾಲು ಜಾರಿ ಬ್ರೇಕು ತಪ್ಪಿದರೆ ಪ್ರಾಣಾಪಾಯ. ಸೈಲೆನ್ಸರ್, ರೇಡಿಯೇಟರುಗಳಿಗೂ ಹಚ್ಚಬಾರದು. ನೇಗಿಲು, ಕುಂಟೆಗಳ ಮಣ್ಣಿಗಿಳಿಯುವ ಭಾಗಕ್ಕೆ ಮೇಣ ವ್ಯರ್ಥ. ಹಂಗಾಮು ಮುಗಿದ ಮೇಲೆ ತೊಳೆದು ಗ್ರೀಸ್ ಸವರಿಡಬೇಕು. ಔಷಧ ಸಿಂಪಡಿಸಿದ ದಿನ ಕೈಗವಸು ಹಾಕಿಕೊಂಡು ಅಂದೇ ಟ್ರ್ಯಾಕ್ಟರನ್ನು ತೊಳೆಯಿರಿ; ಆ ನೀರು ಬಾವಿ, ಹಳ್ಳಗಳಿಗೆ ಸೇರದಿರಲಿ. ಔಷಧ ಹೊಡೆದ ಪಂಪನ್ನು ವಾಹನ ತೊಳೆಯಲು ಬಳಸಬಾರದು.

ತುಕ್ಕು ಕಂಡರೆ

ತುಕ್ಕಿನ ಮೇಲೆ ಮೇಣ ಹಚ್ಚಿದರೆ ತುಕ್ಕು ಗುಣವಾಗುವುದಿಲ್ಲ, ಒಳಗೊಳಗೇ ಬೆಳೆಯುತ್ತದೆ. ಆ ಜಾಗವನ್ನು ಸ್ಯಾಂಡ್ ಪೇಪರಿನಿಂದ ಹೊಳೆಯುವ ಕಬ್ಬಿಣ ಕಾಣುವವರೆಗೆ ಉಜ್ಜಿ, ಒರೆಸಿ, ರೆಡ್ ಆಕ್ಸೈಡ್ ಪ್ರೈಮರ್ ಹಚ್ಚಿ, ಅದು ಒಣಗಿದ ಮೇಲೆ ಬಣ್ಣ ಹಚ್ಚಬೇಕು. ಹೊಸ ಬಣ್ಣದೊಳಗಿನ ದ್ರಾವಕ ಆರಿಹೋಗಲು ಅವಕಾಶ ಬೇಕು. ಆದುದರಿಂದ ಅದರ ಮೇಲೆ ಸುಮಾರು ಒಂದು ತಿಂಗಳು ಮೇಣ ಬೇಡ.

ರೂಢಿಯಲ್ಲಿರುವ ತಪ್ಪುಗಳು

ಡೀಸೆಲ್ ಅಥವಾ ಸುಟ್ಟ ಆಯಿಲಿನಿಂದ ಟ್ರ್ಯಾಕ್ಟರ್ ಒರೆಸುವ ರೂಢಿ ಹಲವು ಕಡೆ ಇದೆ. ಅದು ಒಂದು ದಿನದ ಹೊಳಪು ಕೊಟ್ಟು ಮರುದಿನದಿಂದ ಧೂಳು ಹಿಡಿಯುತ್ತದೆ, ರಬ್ಬರ್ ಭಾಗಗಳನ್ನು ಕೆಡಿಸುತ್ತದೆ. ಬಟ್ಟೆ ಒಗೆಯುವ ಪುಡಿ ಇದ್ದ ಮೇಣವನ್ನೂ ತೆಗೆದುಬಿಡುತ್ತದೆ. ಬೂದಿ, ತೆಂಗಿನ ನಾರು, ಪಾತ್ರೆ ಉಜ್ಜುವ ಜಾಲರಿ ಗೀರು ಬೀಳಿಸುತ್ತವೆ. ಮಹಾನವಮಿಯ ಆಯುಧ ಪೂಜೆಯಲ್ಲಿ ಹಚ್ಚಿದ ಕುಂಕುಮ, ಗಂಧ, ನಿಂಬೆಯ ರಸಗಳನ್ನು ವಾರಗಟ್ಟಲೆ ಬಿಡದೆ ಮರುದಿನ ನೀರಿನಿಂದ ತೊಳೆಯಬೇಕು. ಹಾರವನ್ನು ತಂತಿಯಿಂದ ಕಟ್ಟುವ ಬದಲು ದಾರದಿಂದ ಕಟ್ಟಿದರೆ ಗೀರು ಬೀಳುವುದಿಲ್ಲ.

ಯಾವಾಗ, ಎಷ್ಟು ಸಲ?

ವಾಹನದ ಮೇಲೆ ನೀರು ಚಿಮುಕಿಸಿ ನೋಡಿರಿ. ಕೆಸುವಿನ ಎಲೆಯ ಮೇಲಿನಂತೆ ಹನಿ ದುಂಡಗೆ ನಿಂತರೆ ಮೇಣ ಇದೆ. ಚಪ್ಪಟೆಯಾಗಿ ಹರಡಿದರೆ ಮುಗಿದಿದೆ. ಸಾಮಾನ್ಯವಾಗಿ ಎರಡು ಮೂರು ತಿಂಗಳು ನಿಲ್ಲುವ ಮೇಣ, ಬಿಸಿಲಲ್ಲೇ ನಿಲ್ಲುವ ಟ್ರ್ಯಾಕ್ಟರಿನ ಮೇಲೆ ಇನ್ನೂ ಬೇಗ ಮುಗಿಯುತ್ತದೆ. ಕನಿಷ್ಠ ಪಕ್ಷ ಮೃಗಶಿರ ಮಳೆಗೆ ಮೊದಲು ಒಮ್ಮೆ, ಮಳೆಗಾಲ ಮುಗಿದು ಕಬ್ಬು ಸಾಗಿಸುವ ಕೆಲಸ ಆರಂಭವಾಗುವ ಮುನ್ನ ಒಮ್ಮೆ, ಬೇಸಿಗೆಯ ಬಿಸಿಲು ಏರುವ ಮೊದಲು ಒಮ್ಮೆ ಹಚ್ಚಬೇಕು. ಪಾಲಿಶ್ ಮಾತ್ರ ವರ್ಷಕ್ಕೆ ಒಂದು ಸಲಕ್ಕಿಂತ ಹೆಚ್ಚು ಬೇಡ. ಅದೂ ಅಗತ್ಯವಿದ್ದರೆ ಮಾತ್ರ.

ಒಟ್ಟಿನಲ್ಲಿ, ಕಾರ್ಖಾನೆಯಲ್ಲಿ ಹಚ್ಚಿದ ಬಣ್ಣ ಒಮ್ಮೆ ಮಾತ್ರ ಬರುವ ಬಂಡವಾಳ. ಪಾಲಿಶ್ ಆ ಬಂಡವಾಳದಿಂದ ತೆಗೆದು ಮಾಡುವ ಖರ್ಚು. ಮೇಣ ಅದನ್ನು ಕಾಯುವ ಬೇಲಿ. ಖರ್ಚನ್ನು ಹಿಡಿತದಲ್ಲಿಟ್ಟು, ಬೇಲಿಯನ್ನು ಕಾಲಕಾಲಕ್ಕೆ ಸರಿಪಡಿಸುವ ರೈತರ ವಾಹನ ಹತ್ತಾರು ಮಳೆಗಾಲಗಳನ್ನು ತುಕ್ಕಿಲ್ಲದೆ ಕಳೆಯಬಲ್ಲದು.