ಪೆಟ್ರೋಲು ಚೆಲ್ಲದಿರಲಿ

ಬೆಳಿಗ್ಗೆ ಎಂಟು ಗಂಟೆಯ ಹೊತ್ತಿಗೆ ಮಾಟುಂಗಾ, ದಾದರ್ ಕಡೆಯ ಯಾವುದಾದರೊಂದು ಪೆಟ್ರೋಲ್ ಪಂಪಿನಲ್ಲಿ ತುಸು ಹೊತ್ತು ನಿಂತು ನೋಡಿದರೆ ನಮ್ಮವರ ಮುಖಗಳು ಹಲವು ಕಾಣಸಿಗುತ್ತವೆ. ಕಚೇರಿಯ ಹಾಜರಿಗೆ ತಡವಾಯಿತೆಂದು ಗಡಿಯಾರ ನೋಡುವ ಗುಮಾಸ್ತರು, ಹೋಟೆಲಿಗೆ ತರಕಾರಿ ಹೇರಿಕೊಂಡು ಹೊರಟ ನೌಕರರು, ಮಗುವನ್ನು ಶಾಲೆಗೆ ಬಿಡಲು ಬಂದವರು, ಎಲ್ಲರಿಗೂ ಅವಸರವೇ. ಈ ಅವಸರದ ನಡುವೆ ಸ್ಕೂಟರಿನ ಟ್ಯಾಂಕು ಉಕ್ಕಿ ನಾಲ್ಕು ಹನಿ ಪೆಟ್ರೋಲು ಹೊರಚೆಲ್ಲುವುದು ನಿತ್ಯದ ನೋಟ. ಚೆಲ್ಲಿದ್ದನ್ನು ಯಾರೂ ಲಕ್ಷಿಸುವುದಿಲ್ಲ. ಬಟ್ಟೆಯಿಂದಲೂ ಒರೆಸದೆ ಹೊರಟುಬಿಡುತ್ತಾರೆ.

ಲೀಟರಿಗೆ ನೂರು ರೂಪಾಯಿಗೂ ಮಿಕ್ಕಿದ ಬೆಲೆ ತೆರುವ ಈ ಊರಿನಲ್ಲಿ 50 ಮಿಲಿಲೀಟರ್ ಚೆಲ್ಲಿದರೆ ಐದು ರೂಪಾಯಿ ನೆಲದ ಪಾಲು. ಆದರೆ ನಷ್ಟಕ್ಕಿಂತ ದೊಡ್ಡದು ಅಪಾಯ. ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗಿನ ಚಳಿಯಲ್ಲಿಯೂ, ಕಿಡಿ ತಗಲಿದರೆ ಹೊತ್ತಿಕೊಳ್ಳುವಷ್ಟು ಆವಿಯನ್ನು ಪೆಟ್ರೋಲು ಬಿಡುತ್ತದೆ. ಅದರ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮೇಲೇರಿ ಚದುರಿಹೋಗದೆ ನೆಲದ ಮೇಲೆ ಹರಡುತ್ತದೆ. ಸ್ಕೂಟರಿನಲ್ಲಿ ಕಾದ ಎಂಜಿನ್ನೂ ಹೊಗೆಕೊಳವೆಯೂ ಟ್ಯಾಂಕಿಗೆ ಸಮೀಪದಲ್ಲಿಯೇ ಇರುತ್ತವೆಂಬುದನ್ನು ನಾವು ಮರೆಯಲಾಗದು.

ಪಂಪಿನ ನಳಿಗೆಯೇ ತಾನಾಗಿ ನಿಲ್ಲುವುದಲ್ಲವೇ ಎಂದು ಕೆಲವರು ಕೇಳಬಹುದು. ನಳಿಗೆಯ ತುದಿಯಲ್ಲಿ ಒಂದು ಸಣ್ಣ ರಂಧ್ರವಿದೆ. ಪೆಟ್ರೋಲು ಏರಿಬಂದು ಅದನ್ನು ಮುಚ್ಚಿದೊಡನೆ ಒಳಗಿನ ಒತ್ತಡ ಬದಲಾಗಿ ಕಟ್ಟೆಂದು ಧಾರೆ ನಿಲ್ಲುತ್ತದೆ. ಕಾರಿನ ಟ್ಯಾಂಕಿನ ಕೊರಳು ಉದ್ದ, ನಳಿಗೆ ಒಳಗಿಳಿಯುತ್ತದೆ. ಸ್ಕೂಟರಿನ ಟ್ಯಾಂಕು ಆಳವಿಲ್ಲದ್ದು, ಅದರ ಬಾಯಿಯೂ ಗಿಡ್ಡ. ಬಹಳ ಸಲ ನಳಿಗೆಯನ್ನು ಕೈಯಲ್ಲಿಯೇ ಎತ್ತಿ ಹಿಡಿದು ತುಂಬಿಸಬೇಕಾಗುತ್ತದೆ. ಆದುದರಿಂದ ಈ ಉಪಾಯವನ್ನೇ ನಂಬಿ ಕುಳಿತರೆ ಪೆಟ್ರೋಲು ಸಿಡಿದು ಮೇಲೆ ಬರುವುದು ಸಹಜ.

ಕಾಫಿಯ ಲೋಟವನ್ನು ಅಂಚಿನವರೆಗೆ ತುಂಬಿಸಬಾರದೆಂದು ಹೋಟೆಲಿನಲ್ಲಿ ಕೆಲಸ ಮಾಡಿದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಟ್ಯಾಂಕಿಗೂ ಅದೇ ನ್ಯಾಯ. ಪೆಟ್ರೋಲು ಬಿಸಿಯೇರಿದಂತೆ ಹಿಗ್ಗುತ್ತದೆ. ನೆಲದಡಿಯ ತೊಟ್ಟಿಯಿಂದ ತಂಪಾಗಿ ಬಂದ 5 ಲೀಟರ್ ಪೆಟ್ರೋಲು, ಬಿಸಿಲಿನಲ್ಲಿ ನಿಂತ ಸ್ಕೂಟರಿನಲ್ಲಿ 15 ಡಿಗ್ರಿ ಕಾದರೆ, ಸುಮಾರು 70 ಮಿಲಿಲೀಟರಿನಷ್ಟು ಹೆಚ್ಚುತ್ತದೆ. ನಮ್ಮ ಊರಿನ ಒಂದು ಕಟಿಂಗ್ ಚಹಾದಷ್ಟು. ಕಂಠಮಟ್ಟ ತುಂಬಿದ ಟ್ಯಾಂಕಿನಲ್ಲಿ ಅದಕ್ಕೆ ಜಾಗವೆಲ್ಲಿ? ಇನ್ನೊಂದು ಮಾತು: 2020ರ ಏಪ್ರಿಲ್ ತಿಂಗಳಿನ ನಿಯಮದಂತೆ ತಯಾರಾದ ಸ್ಕೂಟರುಗಳಲ್ಲಿ ಪೆಟ್ರೋಲಿನ ಆವಿಯನ್ನು ಹೀರಿಕೊಳ್ಳುವ ಇದ್ದಿಲಿನ ಡಬ್ಬಿಯಿದೆ. ಅತಿಯಾಗಿ ತುಂಬಿಸಿದರೆ ದ್ರವವೇ ಅದರೊಳಗೆ ಹೊಕ್ಕು ಅದು ಕೆಡಬಹುದು.

ಹಾಗಾದರೆ ಮಾಡಬೇಕಾದುದೇನು? ಎಂಜಿನ್ ನಿಲ್ಲಿಸಿ, ಹಿಂದೆ ಕುಳಿತವರನ್ನೂ ಇಳಿಸಿ, ನಾವೂ ಇಳಿಯತಕ್ಕದ್ದು. ವಾಹನವನ್ನು ನಡುವಿನ ಸ್ಟ್ಯಾಂಡಿನ ಮೇಲೆ ನೆಟ್ಟಗೆ ನಿಲ್ಲಿಸಬೇಕು. ವಾಲಿ ನಿಂತರೆ ಪೆಟ್ರೋಲು ಒಂದು ಬದಿಗೆ ಸರಿದು ಬಾಯಿಗೆ ಬೇಗ ಬರುತ್ತದೆ. 'ಫುಲ್' ಎನ್ನುವ ಬದಲು ಇಷ್ಟು ಲೀಟರೆಂದೋ ಇಷ್ಟು ರೂಪಾಯಿಯೆಂದೋ ಹೇಳುವುದು ಲೇಸು. ಪಂಪಿನ ಹುಡುಗನಿಗೆ "ಭಾವೂ, ಹಳೂ" ಎಂದು ಸ್ನೇಹದಿಂದ ಹೇಳಿದರೆ ಅವನು ಬೇಸರಿಸಲಾರ. ನಳಿಗೆ ಒಮ್ಮೆ ನಿಂತ ಮೇಲೆ ಮತ್ತೆ ಒತ್ತಿಸಬೇಡಿರಿ. ಕೊನೆಯ ಹನಿಗಳು ಟ್ಯಾಂಕಿನೊಳಗೇ ಬೀಳುವವರೆಗೆ ತಡೆದು, ಮುಚ್ಚಳವನ್ನು ಭದ್ರವಾಗಿ ತಿರುಗಿಸಿರಿ. ಹಣ ಕೊಡಲು ಮೊಬೈಲು ತೆಗೆಯುವುದಾದರೆ ಪಂಪಿನಿಂದ ದೂರ ಸರಿದು ತೆಗೆಯಿರಿ.

ಇಷ್ಟಾಗಿಯೂ ಚೆಲ್ಲಿದರೆ ಎಂಜಿನ್ ಚಾಲೂ ಮಾಡಬೇಡಿರಿ. ಸ್ಕೂಟರನ್ನು ಒರೆಸಿ, ಕೈಯಿಂದ ತಳ್ಳಿಕೊಂಡು ದೂರ ಒಯ್ದು, ವಾಸನೆ ಆರಿದ ಮೇಲೆ ಹೊರಡಿರಿ. ನೆಲದ ಮೇಲಿನದಕ್ಕೆ ಪಂಪಿನವರಿಂದ ಮರಳು ಹಾಕಿಸಿರಿ. ಬೆಂಕಿಯೇ ಹತ್ತಿದರೆ ನೀರು ಸುರಿಯಲಾಗದು; ಪೆಟ್ರೋಲು ನೀರಿನ ಮೇಲೆ ತೇಲುತ್ತ ಉರಿಯನ್ನು ಹರಡೀತು. ಸ್ಕೂಟರಿನ ಆಸೆ ಬಿಟ್ಟು ಮೊದಲು ದೂರ ಸರಿಯಬೇಕು, ಪಂಪಿನವರನ್ನು ಕೂಗಬೇಕು.

ಹೋಟೆಲ್ ಬಂಧುಗಳಿಗೆ ಒಂದು ವಿಶೇಷ ಬಿನ್ನಹ. ಹಿಂದೊಮ್ಮೆ ನಾವು ಪೆಟ್ರೋಲು ಚೆಲ್ಲಿದ ಷರಾಯಿಯಲ್ಲಿಯೇ ಪರಿಚಿತರ ಹೋಟೆಲಿನ ಅಡಿಗೆಮನೆಗೆ ನುಗ್ಗಹೊರಟಾಗ, ವಾಸನೆ ಹಿಡಿದ ಹಿರಿಯ ಅಡಿಗೆಭಟ್ಟರು ಬಾಗಿಲಲ್ಲಿಯೇ ಕೈ ಅಡ್ಡ ಹಿಡಿದರು. "ಒಳಗೆ ಒಲೆ ಉರೀತಾ ಉಂಟು ಮಾರಾಯ್ರೇ, ಮೊದಲು ಬಟ್ಟೆ ಬದಲಿಸಿ" ಎಂದರು. ಅಂದು ನಾಚಿಕೆಯಾಯಿತು, ಇಂದು ಕೃತಜ್ಞತೆಯಿದೆ. ಬಟ್ಟೆಗೆ ಪೆಟ್ರೋಲು ತಗಲಿದರೆ ಮೊದಲು ನೀರಿನಿಂದ ಚೆನ್ನಾಗಿ ನೆನೆಸಿ, ಆಮೇಲೆ ಕಳಚಿ, ಮೈಯನ್ನು ಸಾಬೂನಿನಿಂದ ತೊಳೆದ ನಂತರವೇ ಒಲೆಯ ಬಳಿ ಹೋಗತಕ್ಕದ್ದು.

ದುಡಿಯಲೆಂದು ಊರು ಬಿಟ್ಟು ಬಂದ ನಮಗೆ ಸ್ಕೂಟರು ಅನ್ನದ ಸಾಧನ. ಅದಕ್ಕೆ ಪೆಟ್ರೋಲು ತುಂಬಿಸುವಾಗ ಎರಡು ನಿಮಿಷದ ತಾಳ್ಮೆ ನಮ್ಮಲ್ಲಿರಲಿ. ಹಾಜರಿಗೆ ತಡವಾದರೆ ಸಾಹೇಬರ ಒಂದು ಮಾತು ಕೇಳಬೇಕಾದೀತು, ಅಷ್ಟೆ.