ಮದ್ದು ಒಂದೇ, ಬೆಲೆ ಬೇರೆ



ನವೆಂಬರ್ ಬಂತೆಂದರೆ ನಮ್ಮ ಮನೆಗಳಲ್ಲಿ ಎರಡು ಗಡಿಬಿಡಿ. ಒಂದು ರಾಜ್ಯೋತ್ಸವದ ನಾಟಕದ ರಿಹರ್ಸಲ್, ಇನ್ನೊಂದು ಆಫೀಸಿನ ಓಪನ್ ಎನ್‌ರೋಲ್‌ಮೆಂಟ್. ಮೊದಲನೆಯದಕ್ಕೆ ವಾರಗಟ್ಟಲೆ ತಯಾರಿ ನಡೆಸುವ ನಾವು, ಎರಡನೆಯದನ್ನು ಮಾತ್ರ ಕಡೆಯ ರಾತ್ರಿ ಕೂತು, ಸಂತೆ ಹೊತ್ತಿಗೆ ಮೂರು ಮೊಳ ನೇಯ್ದ ಹಾಗೆ ಮುಗಿಸಿಬಿಡುತ್ತೇವೆ. ಕೆಲವು ವರ್ಷಗಳ ಹಿಂದೆ ನಾನೂ ಹಾಗೇ ಮಾಡಿದೆ. ತಿಂಗಳ ಕಂತು ಎಷ್ಟು, ನಮ್ಮ ಡಾಕ್ಟರ್ ಹೊಸ ಪ್ಲಾನಿನಲ್ಲಿ ಇದ್ದಾರೋ ಇಲ್ಲವೋ ಎಂದಷ್ಟೇ ನೋಡಿ ಕ್ಲಿಕ್ ಮಾಡಿದೆ. ಔಷಧಿಗಳ ಪಟ್ಟಿ ಎಂಬ ಪಿಡಿಎಫ್ ಕೂಡ ಇತ್ತು. ತೆರೆಯಲಿಲ್ಲ.

ಜನವರಿಯಲ್ಲಿ ಒಂದು ಸಂಜೆ ಮ್ಯಾನ್‌ಹಟನ್ನಿನ ಆಫೀಸಿನಿಂದ ಹೊರಟವನು ಪೆನ್ ಸ್ಟೇಷನ್ ಹತ್ತಿರದ ಫಾರ್ಮಸಿಗೆ ಹೋದೆ. ಮಗನಿಗೆ ಆಸ್ತಮಾ. ದಿನಾ ಬೆಳಿಗ್ಗೆ, ರಾತ್ರಿ ಇನ್‌ಹೇಲರ್ ಬೇಕು. ಹಳೆಯ ಪ್ಲಾನಿನಲ್ಲಿ 35 ಡಾಲರ್ ಕೊಡುತ್ತಿದ್ದೆ. ಕೌಂಟರಿನ ಹುಡುಗಿ 287 ಡಾಲರ್ ಎಂದಳು. ಹಿಂದೆ ದೊಡ್ಡ ಕ್ಯೂ, ನನಗೆ ಟ್ರೈನಿಗೆ ಹೊತ್ತಾಗಿತ್ತು. "ಆಮೇಲೆ ಬರುತ್ತೇನೆ" ಎಂದು ಬಂದುಬಿಟ್ಟೆ. ಮನೆಯಲ್ಲಿ ಹಳೆಯದು ಸ್ವಲ್ಪ ಉಳಿದಿತ್ತು. ದಿನಕ್ಕೆ ಎರಡು ಸಲದ ಬದಲು ಒಂದು ಸಲ ಕೊಡೋಣ, ಅಷ್ಟರಲ್ಲಿ ಏನಾದರೂ ಮಾಡೋಣ ಎಂದುಕೊಂಡೆ. ಏನೂ ಮಾಡಲಿಲ್ಲ. ಎರಡನೇ ವಾರ, ನಡುರಾತ್ರಿ, ಅವನು ಹಾಸಿಗೆಯಲ್ಲಿ ಎದ್ದು ಕುಳಿತು ಉಸಿರಿಗಾಗಿ ಒದ್ದಾಡುತ್ತಿದ್ದ. ಎಮರ್ಜೆನ್ಸಿ ರೂಮಿನಲ್ಲೇ ಬೆಳಗಾಯಿತು. ಹೆಂಡತಿ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು.

ಮರುದಿನ ಮಕ್ಕಳ ಡಾಕ್ಟರ್ ಕೇಳಿದ್ದು ಇಷ್ಟೇ: "ಒಂದು ಫೋನ್ ಯಾಕೆ ಮಾಡಲಿಲ್ಲ?" ನಮ್ಮ ಹೊಸ ಪಟ್ಟಿಯಲ್ಲಿ ಅದೇ ವರ್ಗದ ಬೇರೊಂದು ಇನ್‌ಹೇಲರ್ 40 ಡಾಲರಿಗೆ ಇತ್ತು. ಚೀಟಿ ಬದಲಾಯಿಸಲು ಅವರಿಗೆ ಎರಡು ನಿಮಿಷ ಸಾಕಾಯಿತು.

ಆ ವಾರಾಂತ್ಯ ಕೂತು ಪಟ್ಟಿಯನ್ನು ಓದಿದೆ. ಹೆಚ್ಚಿನ ಪ್ಲಾನುಗಳ ಪಟ್ಟಿಯಲ್ಲಿ ಮೆಟ್ಟಿಲುಗಳಿರುತ್ತವೆ. ಮೊದಲ ಮೆಟ್ಟಿಲು ಜೆನೆರಿಕ್, ಅತಿ ಕಡಿಮೆ ಕೋಪೇ. ಎರಡನೆಯದು 'ಪ್ರಿಫರ್ಡ್' ಬ್ರ್ಯಾಂಡ್. ಮೂರನೆಯದು 'ನಾನ್-ಪ್ರಿಫರ್ಡ್'. ಅದರ ಮೇಲೆ ವಿಶೇಷ ಔಷಧಿಗಳು. ಪಟ್ಟಿಯಲ್ಲೇ ಇಲ್ಲದ ಔಷಧಿಗೆ ಪೂರ್ತಿ ಬೆಲೆ ನಮ್ಮದೇ. ಪಟ್ಟಿ ಸಾಮಾನ್ಯವಾಗಿ ಜನವರಿ 1ಕ್ಕೆ ಬದಲಾಗುತ್ತದೆ, ನಾವು ಪ್ಲಾನ್ ಬದಲಾಯಿಸದಿದ್ದರೂ.

'ಪ್ರಿಫರ್ಡ್' ಎಂದರೆ ಡಾಕ್ಟರುಗಳು ಮೆಚ್ಚಿದ್ದು ಎಂದು ನಾನು ತಿಳಿದಿದ್ದೆ. ಆರಿಸುವಾಗ ವೈದ್ಯರ ಸಮಿತಿಯೂ ನೋಡುತ್ತದೆ ನಿಜ. ಆದರೆ ಒಂದೇ ರೀತಿ ಕೆಲಸ ಮಾಡುವ ಎರಡು ಔಷಧಿಗಳಲ್ಲಿ ಯಾವುದು ಕೆಳಗಿನ ಮೆಟ್ಟಿಲು ಎಂಬುದು ಬಹುಮಟ್ಟಿಗೆ ಚೌಕಾಸಿಯ ವಿಷಯ. ಇನ್ಶೂರೆನ್ಸ್ ಪರವಾಗಿ ಚೌಕಾಸಿ ಮಾಡಲು 'ಫಾರ್ಮಸಿ ಬೆನಿಫಿಟ್ ಮ್ಯಾನೇಜರ್' ಎಂಬ ಮಧ್ಯವರ್ತಿಗಳಿದ್ದಾರೆ. ಅಮೆರಿಕದ ಪ್ರಿಸ್ಕ್ರಿಪ್ಷನ್‌ಗಳಲ್ಲಿ ಸುಮಾರು ಶೇ. 80ರಷ್ಟು ಮೂರೇ ಮಧ್ಯವರ್ತಿ ಕಂಪನಿಗಳ ಮೂಲಕ ಹೋಗುತ್ತವೆ ಎಂದು ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ ಹೇಳಿತು. ತಯಾರಕರು ಇವರಿಗೆ ರಿಬೇಟ್ ಕೊಟ್ಟು ಪಟ್ಟಿಯಲ್ಲಿ ಒಳ್ಳೆಯ ಜಾಗ ಪಡೆಯುತ್ತಾರೆ.

ಇದಕ್ಕೆ ನಮ್ಮ ಬೆಂಗಳೂರಿನದೇ ಉದಾಹರಣೆ ಇದೆ. ಬಯೋಕಾನ್ ಮತ್ತು ವಿಯಾಟ್ರಿಸ್ ಕಂಪನಿಗಳ 'ಸೆಮ್‌ಗ್ಲೀ' ಇನ್ಸುಲಿನ್‌ಗೆ 2021ರ ಜುಲೈನಲ್ಲಿ ಎಫ್‌ಡಿಎ ವಿಶೇಷ ಮಾನ್ಯತೆ ಕೊಟ್ಟಿತು. ಲ್ಯಾಂಟಸ್ ಬದಲಿಗೆ ಫಾರ್ಮಸಿಸ್ಟ್ ನೇರವಾಗಿ ಕೊಡಬಹುದಾದ ಮೊದಲ ಇನ್ಸುಲಿನ್ ಅದು. ಅದೇ ವರ್ಷ ಕೊನೆಯಲ್ಲಿ ಅದನ್ನು ಎರಡು ಲೇಬಲ್ಲಿನಲ್ಲಿ ಮಾರುಕಟ್ಟೆಗೆ ಬಿಟ್ಟರು. ಐದು ಪೆನ್ನಿನ ಡಬ್ಬಕ್ಕೆ ಸೆಮ್‌ಗ್ಲೀ ಹೆಸರಿನಲ್ಲಿ ನಮೂದಿತ ಬೆಲೆ ಸುಮಾರು 404 ಡಾಲರ್, ಬ್ರ್ಯಾಂಡ್ ಹೆಸರಿಲ್ಲದ್ದಕ್ಕೆ ಸುಮಾರು 148. ಒಳಗಿನ ಮದ್ದು ಒಂದೇ! ರಿಬೇಟ್ ಬಯಸುವ ಪ್ಲಾನುಗಳಿಗೆ ಹೆಚ್ಚಿನ ಬೆಲೆಯದು, ಉಳಿದವರಿಗೆ ಕಡಿಮೆಯದು. ಡಿಡಕ್ಟಿಬಲ್ ಮುಗಿಯದವರು ಯಾವುದನ್ನು ಕೊಂಡರು ಎಂಬುದರ ಮೇಲೆ ಜೇಬಿನ ಹೊರೆ ನಿಂತಿತ್ತು.

ಇನ್ನು ನಮ್ಮವರ ಹಳೆಯ ಸಂಶಯ: "ಜೆನೆರಿಕ್ ಅಂದರೆ ಡೂಪ್ಲಿಕೇಟ್ ಅಲ್ಲವೇ?" ಅಲ್ಲ. 1984ರ ಹ್ಯಾಚ್-ವ್ಯಾಕ್ಸ್‌ಮನ್ ಕಾಯ್ದೆಯಿಂದ ಇಲ್ಲಿ ಜೆನೆರಿಕ್ ಸುಲಭವಾಗಿ ಬರತೊಡಗಿದವು. ಮಾತ್ರೆಯಲ್ಲಿ ಅದೇ ಮೂಲವಸ್ತು, ಅದೇ ಪ್ರಮಾಣ ಇರಬೇಕು, ರಕ್ತಕ್ಕೂ ಅಷ್ಟೇ ಸೇರಬೇಕು. 1996ರಿಂದ 2007ರವರೆಗಿನ 2,070 ಪರೀಕ್ಷೆಗಳನ್ನು ಎಫ್‌ಡಿಎ ಒಟ್ಟಿಗೆ ನೋಡಿದಾಗ, ಬ್ರ್ಯಾಂಡಿಗೂ ಜೆನೆರಿಕ್‌ಗೂ ದೇಹ ಹೀರಿಕೊಳ್ಳುವ ಪ್ರಮಾಣದಲ್ಲಿ ಇದ್ದ ಸರಾಸರಿ ವ್ಯತ್ಯಾಸ ಸುಮಾರು ಶೇ. 3.5. ಮ್ಯಾನ್‌ಹಟನ್ನಿನ ಫೈಜರ್ ಕಂಪನಿಯ ಲಿಪಿಟಾರ್‌ಗೆ 2011ರ ನವೆಂಬರ್‌ನಲ್ಲಿ ಜೆನೆರಿಕ್ ಬಂದಾಗ ಎಷ್ಟೋ ಮನೆಗಳ ಖರ್ಚು ಇಳಿಯಿತು. ಸಂಶಯಕ್ಕೆ ಕಾರಣವೇ ಇಲ್ಲವೆಂದಲ್ಲ. ಆ ಜೆನೆರಿಕ್ ತಂದ ರ‍್ಯಾನ್‌ಬ್ಯಾಕ್ಸಿಯೇ, ತಯಾರಿಕೆಯ ಬೇರೆ ಲೋಪಗಳಿಗಾಗಿ 2013ರಲ್ಲಿ ತಪ್ಪೊಪ್ಪಿಕೊಂಡು 50 ಕೋಟಿ ಡಾಲರ್ ತೆರಲು ಒಪ್ಪಿತು. ಥೈರಾಯ್ಡ್, ಮೂರ್ಛೆ ರೋಗ, ರಕ್ತ ತೆಳುಮಾಡುವ ವಾರ್ಫರಿನ್ ಇಂಥವುಗಳಲ್ಲಿ ತಯಾರಕರು ಬದಲಾದರೆ ಡಾಕ್ಟರಿಗೆ ತಿಳಿಸಿ.

ಹಾಗಾದರೆ ಕೌಂಟರಿನಲ್ಲಿ ದೊಡ್ಡ ಅಂಕಿ ಕೇಳಿದಾಗ ಏನು ಮಾಡಬೇಕು?

1. "ಇದರ ಜೆನೆರಿಕ್ ಇದೆಯೇ?" ಎಂದು ಕೇಳಿ. ನ್ಯೂಯಾರ್ಕಿನಲ್ಲಿ, ಬರೆದದ್ದನ್ನೇ ಕೊಡಿ ಎಂದು ಡಾಕ್ಟರ್ ಸೂಚಿಸದಿದ್ದರೆ ಜೆನೆರಿಕ್ ಕೊಡುವುದೇ ನಿಯಮ.

2. ಜೆನೆರಿಕ್ ಇಲ್ಲದಿದ್ದರೆ ಡಾಕ್ಟರಿಗೆ ಫೋನ್ ಮಾಡಿ. ಅದೇ ವರ್ಗದ ಬೇರೆ ಔಷಧಿಯನ್ನು ಫಾರ್ಮಸಿಸ್ಟ್ ತಾವಾಗಿ ಕೊಡುವಂತಿಲ್ಲ, ಡಾಕ್ಟರೇ ಬರೆಯಬೇಕು. ನಾನು ತಪ್ಪಿದ್ದು ಇಲ್ಲೇ.

3. ಆ ಔಷಧಿಯೇ ಬೇಕೆಂದಿದ್ದರೆ, ಡಾಕ್ಟರ್ ಮೂಲಕ ಪ್ಲಾನಿಗೆ ವಿನಾಯಿತಿ ಕೇಳಿಸಿ. ಇಲ್ಲವೆಂದರೆ ಅಪೀಲು ಇದೆ.

4. "ಇನ್ಶೂರೆನ್ಸ್ ಇಲ್ಲದೆ ಎಷ್ಟು?" ಎಂದು ಕೇಳಿ. ಕೆಲವೊಮ್ಮೆ ಅದೇ ಕಡಿಮೆ. ಮೊದಲು ಕೆಲವು ಕಡೆ ಇದನ್ನು ಹೇಳದಂತೆ ಫಾರ್ಮಸಿಸ್ಟ್‌ಗಳ ಬಾಯಿ ಕಟ್ಟಿದ್ದರು. 2018ರ ಅಕ್ಟೋಬರ್‌ನಲ್ಲಿ ಬಂದ ಕಾಯ್ದೆ ಅದನ್ನು ನಿಷೇಧಿಸಿತು. ಆದರೆ ಹೀಗೆ ಕೊಟ್ಟ ಹಣ ಸಾಮಾನ್ಯವಾಗಿ ಡಿಡಕ್ಟಿಬಲ್‌ಗೆ ಸೇರುವುದಿಲ್ಲ.

5. ತಯಾರಕರ ನೆರವಿನ ಯೋಜನೆಗಳನ್ನೂ ವಿಚಾರಿಸಿ.

ಊರಿನಿಂದ ಬರುವ ಅಪ್ಪ ಅಮ್ಮನ ಮಾತ್ರೆಗಳಿಗೂ ಮೂಲಹೆಸರು ಬರೆದಿಟ್ಟುಕೊಳ್ಳಿ. ಅಲ್ಲಿನ ಕ್ರೋಸಿನ್ ಅಂದರೆ ಪ್ಯಾರಾಸಿಟಮಾಲ್, ಅದಕ್ಕೆ ಇಲ್ಲಿ ಅಸಿಟಮಿನೋಫೆನ್ ಎನ್ನುತ್ತಾರೆ. ಬ್ರ್ಯಾಂಡಿನ ಹೆಸರು ಸಮುದ್ರ ದಾಟುವುದಿಲ್ಲ.

ಈ ಸಲದ ಎನ್‌ರೋಲ್‌ಮೆಂಟ್ ಹೊತ್ತಿಗೆ ಮನೆಯವರೆಲ್ಲರ ಔಷಧಿಗಳನ್ನು ಒಂದು ಹಾಳೆಯಲ್ಲಿ ಬರೆದು ಹೊಸ ಪಟ್ಟಿಯೊಂದಿಗೆ ಹೋಲಿಸಿ. ಅರ್ಧ ಗಂಟೆಯ ಕೆಲಸ. ಬೆಲೆ ಕೇಳಿ ಗಾಬರಿಯಾದರೂ ಮದ್ದು ನಿಲ್ಲಿಸಬೇಡಿ, ಅರ್ಧ ಮಾಡಬೇಡಿ. ಕೇಳಿ. ನಾನು ಕೇಳದೆ ಉಳಿಸಲು ಹೊರಟದ್ದು 287 ಡಾಲರ್. ಆ ರಾತ್ರಿಯ ಲೆಕ್ಕವನ್ನು ಯಾವ ಸ್ಪ್ರೆಡ್‌ಶೀಟಿನಲ್ಲೂ ಹಾಕಲಾರೆ.

ಮಗ ಈಗ ಆರಾಮಾಗಿದ್ದಾನೆ. ರಾಜ್ಯೋತ್ಸವದ ನಾಟಕದಲ್ಲಿ ಅವನಿಗೆ ಸೈನಿಕನ ಪಾತ್ರ, ಜೋರಾಗಿ ಕಿರುಚುವುದೊಂದೇ ಕೆಲಸ. ಬನ್ನಿ, ನೋಡಿ.