ಶಾಂತಿಯೂ ಸಮಾಧಾನವೂ: ಪೀರನವಾಡಿಯ ವೃತ್ತದಿಂದ ಒಂದು ಓದು

ಅಂತರರಾಷ್ಟ್ರೀಯ ಸಂಬಂಧಗಳ ಅಧ್ಯಯನವು ಸಾಮಾನ್ಯವಾಗಿ 1648ರ ವೆಸ್ಟ್‌ಫಾಲಿಯಾ ಒಪ್ಪಂದದಿಂದ ತೊಡಗುತ್ತದೆ. ಒಂದು ನೆಲಕ್ಕೆ ಒಂದೇ ಒಡೆತನ ಎಂಬುದು ಅದರ ಹೆಸರಿನಲ್ಲಿ ಬೆಳೆದ ಕಲ್ಪನೆ. ಇದರ ಬಲವನ್ನರಿಯಲು ದೇಶದ ಗಡಿಗೆ ಹೋಗಬೇಕಿಲ್ಲ. ಬೆಳಗಾವಿಯಿಂದ ಖಾನಾಪುರದ ದಾರಿ ಹಿಡಿದರೆ ಸಾಕು. 2020ರ ಆಗಸ್ಟ್‌ನಲ್ಲಿ ಪೀರನವಾಡಿಯ ವೃತ್ತದಲ್ಲಿ ಸಂಗೊಳ್ಳಿ ರಾಯಣ್ಣನ ಪ್ರತಿಮೆ ರಾತ್ರೋರಾತ್ರಿ ನಿಂತಿತು. ಅದು ಶಿವಾಜಿಯ ಹೆಸರಿನ ವೃತ್ತವೆಂದು ಮರಾಠಿ ಭಾಷಿಕರು ಪ್ರತಿಭಟಿಸಿದರು. ಪೊಲೀಸ್ ಅಧಿಕಾರಿಗಳ ಮಧ್ಯಸ್ಥಿಕೆಯಲ್ಲಿ, ಪ್ರತಿಮೆ ರಾಯಣ್ಣನದು, ವೃತ್ತದ ಹೆಸರು ಶಿವಾಜಿಯದು ಎಂದು ತೀರ್ಮಾನವಾಯಿತು. (ಒಂದು ಶತಮಾನಕ್ಕೂ ಮಿಕ್ಕ ಅಂತರದಲ್ಲಿ ಬಾಳಿದ ಈ ವೀರರಿಬ್ಬರಿಗೂ ಪರಸ್ಪರ ಜಗಳವಿರಲಿಲ್ಲ.)

ಯೋಹಾನ್ ಗಾಲ್ಟುಂಗ್ ಇಂಥದನ್ನು ನಕಾರಾತ್ಮಕ ಶಾಂತಿ ಎನ್ನುತ್ತಾರೆ: ಹಿಂಸೆ ನಿಂತಿದೆ, ಕಾರಣ ಉಳಿದಿದೆ. ಅದನ್ನು ನಾವು ಹಗುರವಾಗಿ ಕಾಣಲಾರೆವು. ಆದರೂ 1956ರ ರಾಜ್ಯ ಪುನರ್ವಿಂಗಡಣೆಯ ಗಾಯ ಮಹಾಜನ ವರದಿಯಿಂದ ಮಾಯಲಿಲ್ಲ. 2004ರಲ್ಲಿ ಮಹಾರಾಷ್ಟ್ರವು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಗಾಯವನ್ನು ಮೇಲೆಮೇಲೆ ವಾಸಿಮಾಡಿದವರನ್ನೇ ಯೆರೆಮೀಯನು ಗದರಿಸಿದ್ದು.

ಹೀಬ್ರೂವಿನ ಶಾಲೋಮ್ ಎಂಬುದಕ್ಕೆ ನಮ್ಮ ಸತ್ಯವೇದವು ಹಲವೆಡೆ ಬಳಸುವ ಪದ ಸಮಾಧಾನ. ಆಡುಮಾತಿನಲ್ಲಿ ಅದು ಅಳುವವರನ್ನು ಸುಮ್ಮನಾಗಿಸುವುದಕ್ಕೂ ಸಲ್ಲುತ್ತದೆ. ಶಾಲೋಮ್ ಆದರೋ ಮುರಿದುದು ಇಡಿಯಾಗುವುದು. ಎಫೆಸದವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿ ಕ್ರಿಸ್ತನು ಅಡ್ಡಗೋಡೆಯನ್ನು ಕೆಡವುತ್ತಾನೆಯೇ ಹೊರತು ಅದರ ಎರಡು ಬದಿಗಳನ್ನು ಹಂಚಿಕೊಡುವುದಿಲ್ಲ. ಬೆಳಗಾವಿಯಲ್ಲಿ ನಮ್ಮ ವಿಶ್ವಾಸಿಗಳು ಕನ್ನಡ, ಮರಾಠಿ, ಕೊಂಕಣಿಗಳಲ್ಲಿ ಆರಾಧಿಸುತ್ತಾರೆ. ಭಾಷೆಗೊಂದು ವೇಳೆ ಗೊತ್ತುಮಾಡಿ ಒಬ್ಬರ ಮುಖ ಒಬ್ಬರು ಕಾಣದಿದ್ದರೆ, ಅದೂ ವೃತ್ತದ ಒಪ್ಪಂದದಂಥದೇ. ಗಡಿ ದಾವೆಯ ತೀರ್ಪು ಬಂದ ಮರು ಭಾನುವಾರ ಈ ಎಲ್ಲ ಆರಾಧನೆಗಳಲ್ಲಿಯೂ ಒಂದೇ ವಿಜ್ಞಾಪನಾ ಪ್ರಾರ್ಥನೆಯನ್ನು ನಾವು ಮಾಡಬಲ್ಲೆವೇ?